ಹನ್ನೊಂದು ರನ್ ಬಾಕಿ – ಕಂತು ಒಂಬತ್ತು: ಸತ್ತ ಹೆಲ್ಮೆಟ್

“ಮುಟ್ಟಬೇಡಿ ಮೇಡಂ! ಚಾಕು ಇನ್ನೂ ಒಳಗೇ ಇದೆ!”

ಕಿಟ್ ಮನೆಯ ಮುದುಕ ಕಿರುಚಿದ್ದಕ್ಕೆ ಒಣಮೆಣಸು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಮೇಜಿನ ಮೇಲೆ ನೀಲಿ ಹೆಲ್ಮೆಟ್ಟೊಂದು ಅಂಗಾತ ಬಿದ್ದಿತ್ತು. ಚಿಪ್ಪು ಎಡಗಡೆಯಿಂದ ಸೀಳಿಹೋಗಿತ್ತು. ಹಿಂಬದಿಯ ಮೆತ್ತೆಯಲ್ಲಿ ಸಣ್ಣ ಚಾಕು ಅರ್ಧ ಇಳಿದು ಅಲ್ಲೇ ಸಿಕ್ಕಿಕೊಂಡಿತ್ತು.

ಒಣಮೆಣಸು ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪೊಲೀಸ್ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ದುಡಿದವಳಿಗೆ ಕೈ ಕೆಳಗಿನವರು ಬೆನ್ನ ಹಿಂದೆ ಇಟ್ಟ ಹೆಸರು. ನಿವೃತ್ತಿಯಾಗಿ ಸ್ವಂತ ಪತ್ತೇದಾರಿಕೆ ಶುರು ಮಾಡಿದ ಮೇಲೆ ಅವಳೇ ಅದನ್ನು ಖುಷಿಯಿಂದ ಒಪ್ಪಿಕೊಂಡಿದ್ದಳು. ಸಿಹಿ ಹೆಸರು ಇಟ್ಟುಕೊಂಡು ಈ ಕಸುಬು ಮಾಡೋದಕ್ಕಾಗುತ್ತದೆಯೇ?

ಮೂರು ವಾರದ ಹಿಂದೆ, ಫೈನಲ್ ಪಂದ್ಯದಲ್ಲಿ ಗೆಲುವಿಗೆ ಬರೀ ಹನ್ನೊಂದು ರನ್ ಬಾಕಿ ಇದ್ದಾಗ, ಐದು ವಿಕೆಟ್ ಕೈಯಲ್ಲಿದ್ದಾಗ, ಕ್ಯಾಪ್ಟನ್ ಎದುರಾಳಿಯ ಕೈ ಕುಲುಕಿ ಪಂದ್ಯ ಬಿಟ್ಟುಕೊಟ್ಟು ಹೊರನಡೆದಿದ್ದ. ಯಾಕೆ ಅಂತ ಇವತ್ತಿನವರೆಗೂ ಬಾಯಿ ಬಿಟ್ಟಿರಲಿಲ್ಲ. ಕ್ರಿಕೆಟ್ ಮಂಡಳಿ ಅವನನ್ನು ಅಮಾನತು ಮಾಡಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಶಿಸ್ತು ಸಮಿತಿ ಕೂತು ಆಜೀವ ನಿಷೇಧದ ಮುದ್ರೆ ಒತ್ತುವುದಿತ್ತು. ಈಗ ಗಂಟೆ ಹನ್ನೊಂದು.

“ಬೆಳಿಗ್ಗೆ ಆಸ್ಪತ್ರೆಯಿಂದ ವಾಪಸ್ ಬಂತು,” ಅಂದ ಮುದುಕ. “ಅವತ್ತು ಫೈನಲ್‌ನಲ್ಲಿ ಚೆಂಡಿನ ಏಟು ತಿಂದು ಕಿವಿ ಕಳ್ಕೊಂಡ ನಮ್ಮ ಉದ್ದನೆಯ ಬ್ಯಾಟ್ಸ್‌ಮನ್ ಇದಾನಲ್ಲ, ಅವನದು. ಬಟ್ಟೆಬರೆ ಜೊತೆ ಇದನ್ನೂ ಕಟ್ಟಿ ಕಳಿಸಿದಾರೆ. ಪದ್ಧತಿ ಪ್ರಕಾರ ಕಚ್ಚು ಹಾಕೋಣ ಅಂತ ಚಾಕು ಇಳಿಸಿದೆ. ದಾರಕ್ಕೆ ಸಿಕ್ಕಾಕ್ಕೊಂಡ್ತು. ಅಲ್ಲಿ ದಾರ ಯಾಕಿರ್ಬೇಕು ಹೇಳಿ?”

“ಮೊದಲು ಕಚ್ಚು ಅಂದ್ರೇನು ಹೇಳಿ. ನನಗೆ ನಿಮ್ಮ ಆಟ ಗೊತ್ತಿಲ್ಲ.”

ಮುದುಕ ಅವಳನ್ನು ಅಕ್ಷರ ಬಾರದವರನ್ನು ನೋಡುವ ಹಾಗೆ ನೋಡಿದ. ಮೂವತ್ತೆರಡು ವರ್ಷದಿಂದ ಆ ಕೋಣೆಯಲ್ಲಿ ಪ್ಯಾಡು, ಗ್ಲೌಸು, ಹೆಲ್ಮೆಟ್ಟುಗಳ ಮಧ್ಯೆ ಬದುಕಿದವನು.

“ಚೆಂಡಿನ ಏಟು ಒಂದು ಸಲ ತಿಂದ ಹೆಲ್ಮೆಟ್ ಸತ್ತ ಹಾಗೆ ಮೇಡಂ. ಹೊರಗೆ ಒಂದು ಗೀರೂ ಇರಲ್ಲ, ಒಳಗೆ ಚಿಪ್ಪು ಸೋತಿರತ್ತೆ. ಇನ್ನೊಂದು ಏಟಿಗೆ ತಡೆಯಲ್ಲ. ಅದಕ್ಕೇ ಹಿಂದಿನ ಮೆತ್ತೇಲಿ ಬೆರಳಗಲ ಕತ್ತರಿಸಿ ತೆಗೀತೀನಿ. ಅಪ್ಪಿತಪ್ಪಿ ಯಾರಾದ್ರೂ ತಲೆಗೆ ಹಾಕ್ಕೊಂಡ್ರೆ ಆ ಕಚ್ಚು ಚುಚ್ಚಬೇಕು, ಇದು ಸತ್ತದ್ದು ಅಂತ ಗೊತ್ತಾಗಬೇಕು. ಆಮೇಲೆ ಆ ಕಬ್ಬಿಣದ ಕಪಾಟಿಗೆ ಹಾಕಿ ಬೀಗ. ವರ್ಷಕ್ಕೊಂದು ಸಲ ಒಡೆಸೋಕೆ ಕಳಿಸ್ತೀವಿ.”

ಒಣಮೆಣಸು ಕನ್ನಡಕ ಏರಿಸಿ ಬಗ್ಗಿದಳು. ಚಾಕುವನ್ನು ನಿಧಾನಕ್ಕೆ ಹೊರಗೆಳೆದು ಎರಡು ಎಳೆ ದಾರ ಕತ್ತರಿಸಿದಳು. ಬೆರಳಗಲದ ಮೆತ್ತೆಯ ತುಂಡೊಂದು ಕೈಗೆ ಬಂತು. ಅದರ ಹಿಂದೆ ಹಳೆಯ ಕಚ್ಚು ಇತ್ತು.

ಅಂದರೆ ಈ ಹೆಲ್ಮೆಟ್ ಹಿಂದೆಯೇ ಒಮ್ಮೆ ಸತ್ತಿತ್ತು.

“ನನ್ನ ಕಚ್ಚು,” ಅಂದ ಮುದುಕ. “ನನ್ನ ಕೈಯದೇ. ಯಾವ ಪಾಪಿ ಇದನ್ನ ಹೊಲಿದದ್ದು?”

ಆ ಪಾಪಿಯ ಕೈಕೆಲಸ ನೋಡಿ ಒಣಮೆಣಸಿಗೆ ಮೈ ಉರಿಯಿತು. ಕಾಟಾಚಾರಕ್ಕೆ ತೇಪೆ ಹಾಕಿದ್ದಲ್ಲ. ಮೊದಲು ಉದ್ದಕ್ಕೆ ಎಳೆ ಹಾಸಿ, ಆಮೇಲೆ ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ ನೇಯ್ದು, ಹೊಸ ತುಂಡು ಹಳೆಯದರ ಜೊತೆ ಬೆರೆತೇಹೋಗಿತ್ತು. ಗಂಟು ಎಲ್ಲೂ ಕಾಣದು. ಯಾರೋ ಕೂತು, ದೀಪ ಹತ್ತಿರಕ್ಕೆಳೆದುಕೊಂಡು, ಮನಸ್ಸಿಟ್ಟು ಮಾಡಿದ ಕೆಲಸ. ಒಬ್ಬನ ಕಿವಿ ಕಿತ್ತುಕೊಂಡ ಕೆಲಸವನ್ನು ಇಷ್ಟು ಚೆಂದ ಮಾಡಬೇಕಿತ್ತೇ?

“ಅವತ್ತು ಹಾಕ್ಕೊಂಡು ಆಡಿದ ಬೇರೆ ಹೆಲ್ಮೆಟ್ ಎಲ್ಲಿ?”

ಮುದುಕ ದೊಡ್ಡ ಚೀಲ ಎಳೆದು ತಂದ. ಮೊದಲನೆಯದರ ಹಿಂಬದಿ ಕೊಯ್ದರು. ದಾರ. ಎರಡನೆಯದು, ಅದರಲ್ಲೂ ದಾರ. ಐದನೆಯದಕ್ಕೆ ಬಂದಾಗ ಮುದುಕ ಸಿಟ್ಟಿನಲ್ಲಿ ಇಡೀ ಮೆತ್ತೆಯನ್ನೇ ಹರಿದುಹಾಕಲು ಹೊರಟ. ಅವಳೇ ಚಾಕು ಕಸಿದುಕೊಂಡಳು.

“ಇವನ್ನ ಯಾರು ತಂದ್ಕೊಟ್ರು?”

“ಮ್ಯಾನೇಜರ್. ಸೀಸನ್ ಶುರುವಿನಲ್ಲಿ, ಹೊಸದು ಬಂತು ನೋಡಪ್ಪ ಅಂತ. ಮೇಲಿನ ಬಟ್ಟೆ ಹೊಸದು, ಪಟ್ಟಿ ಹೊಸದು, ನನ್ನ ಹಾಳು ಕಣ್ಣಿಗೆ ಬೇರೇನೂ ಕಾಣಲಿಲ್ಲ.”

“ಸತ್ತದ್ದನ್ನ ಒಡೆಸೋಕೆ ಕಳಿಸಿದ್ಯಾರು?”

ಮುದುಕ ಕಪಾಟಿನ ಬೀಗ ತೆಗೆದ. ನಾಲ್ಕು ಅರೆಗಳೂ ಖಾಲಿ. “ಈ ಸಲ ನಾನೇ ಒಡೆಸ್ತೀನಿ ಅಂತ ಮ್ಯಾನೇಜರ್ ತಗೊಂಡ್ಹೋದ್ರು. ಇನ್ನೊಂದು ಕೀಲಿ ಇರೋದೂ ಅವರ ಹತ್ರಾನೇ.”

ಮ್ಯಾನೇಜರ್! ಹೊಸ ಹೆಲ್ಮೆಟ್ಟಿನ ದುಡ್ಡು ಯಾರ ಜೇಬಿಗೆ ಹೋಯಿತು ಅಂತ ಬೇರೆ ಕೇಳಬೇಕೇ? ಕ್ಯಾಪ್ಟನ್ ಮೇಲೆ ದೂರು ಬರೆದವನು ಅವನೇ. ‘ಆಟದ ಮಾನ ಕಳೆದ’ ಅಂತ ಟೀವಿಯ ಮುಂದೆ ಕಣ್ಣೊರೆಸಿಕೊಂಡವನೂ ಅವನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದನ್ನು ಅವಳು ಕೇಳಿದ್ದಳು. ಇಲ್ಲಿ ಜ್ವರ ಬರಿಸಿದವನೇ ಬರೆಯ ಸೌಟನ್ನೂ ಹಿಡಿದುಕೊಂಡು ಕೂತಿದ್ದ.

“ಕ್ಯಾಪ್ಟನ್‌ಗೆ ಇದು ಗೊತ್ತಿತ್ತಾ?”

“ಏಟು ಬಿದ್ದಾಗ ಉದ್ದನೆಯವನ ಹೆಲ್ಮೆಟ್ ಬಿಚ್ಚಿದ್ದೇ ಕ್ಯಾಪ್ಟನ್. ಒಳಗಡೆ ಬೆರಳಾಡಿಸಿ ನೋಡಿದ್ರು. ತಮ್ಮದನ್ನೂ ತೆಗೆದು ನೋಡಿದ್ರು. ಬೆವರು ಒರೆಸ್ಕೊಳ್ತಿದಾರೆ ಅಂದ್ಕೊಂಡ್ವಿ ನಾವೆಲ್ಲ. ಆಮೇಲೇ ಹೋಗಿ ಕೈ ಕುಲುಕಿದ್ದು.”

ಮೂರು ವಾರ! ಮೂರು ವಾರದಿಂದ ಅವಳು ಊರೆಲ್ಲ ಸುತ್ತಿ, ಇಪ್ಪತ್ತು ಜನರ ಬಾಯಲ್ಲಿ ಬೈಸಿಕೊಂಡು, ಕ್ಯಾಪ್ಟನ್ ಯಾಕೆ ಸೋತ ಅಂತ ಹುಡುಕುತ್ತಿದ್ದಳು. ಅವನಿಗೆ ಉತ್ತರ ಗೊತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ಒಣಮೆಣಸು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. “ಕ್ಯಾಪ್ಟನ್ ಮನೆಗೆ ಹೋಗ್ತೀನಿ. ಉಳಿದವು ಈ ಕೋಣೆ ದಾಟಬಾರದು,” ಅಂತ ಬಾಗಿಲಲ್ಲೇ ಕೂಗಿ ಹೇಳಿದಳು.

*

ಅಮಾನತಾದವನು ಯಾವ ಮೈದಾನಕ್ಕೂ ಕಾಲಿಡುವಂತಿಲ್ಲ. ಅದಕ್ಕೇ ಕ್ಯಾಪ್ಟನ್ ಮನೆಯ ಮಹಡಿಯ ಮೇಲೆ, ಕಾಲುಚೀಲದಲ್ಲಿ ಚೆಂಡು ಹಾಕಿ ತೊಲೆಗೆ ನೇತುಬಿಟ್ಟು, ಒಬ್ಬನೇ ಬಾರಿಸುತ್ತಿದ್ದ. ಟಕ್. ಟಕ್. ಮೂವತ್ತನಾಲ್ಕು ವರ್ಷದ ಗಂಡಸು, ಗಡ್ಡ ಬೋಳಿಸಿ ವಾರವಾಗಿತ್ತು.

“ಯಾರು ಬಿಟ್ರು ನಿಮ್ಮನ್ನ ಒಳಗೆ?”

“ಬಾಗಿಲು ತೆಗೆದಿತ್ತು.” ಅವಳು ಹೆಲ್ಮೆಟ್ಟನ್ನು ಮೋಟುಗೋಡೆಯ ಮೇಲೆ ಕುಕ್ಕಿದಳು.

ಅವನ ಬ್ಯಾಟು ಗಾಳಿಯಲ್ಲೇ ನಿಂತಿತು. ಚೆಂಡು ತೂಗಿಬಂದು ಭುಜಕ್ಕೆ ಬಡಿಯಿತು. ಅದು ಬಡಿದದ್ದೂ ಅವನಿಗೆ ತಿಳಿಯಲಿಲ್ಲ.

“ಅಕ್ಕನಿಗೆ ತೋರಿಸಿದ್ರಾ?”

ಎಲ್ಲಿ ಸಿಕ್ಕಿತು ಅಂತ ಅವನು ಕೇಳಲಿಲ್ಲ. ಯಾರು ಕೊಟ್ಟರು ಅಂತ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಮುಟ್ಟಿ ನೋಡಿದ್ದು ಅಕ್ಕನ ಹೆಗಲನ್ನು.

ಅಕ್ಕನೇ ಈ ಕೇಸನ್ನು ಅವಳ ಮೇಜಿಗೆ ತಂದವಳು. ತಾಯಿ ಸತ್ತಾಗ ಹದಿನೆಂಟು ವರ್ಷದವಳು, ಐದು ವರ್ಷದ ತಮ್ಮನನ್ನು ಬೆಳೆಸಿದವಳು. ‘ನನ್ನ ತಮ್ಮ ಸೋಲ್ತಾನೆ, ಆದ್ರೆ ಸೋಲನ್ನ ಮಾರೋನಲ್ಲ’ ಅಂತ ಮೊದಲ ದಿನವೇ ಹೇಳಿದ್ದಳು.

“ಉದ್ದನೆಯವನಿಗೆ ಎಡಗಿವಿ ಕೇಳಿಸ್ತಿಲ್ಲ. ಗೊತ್ತಾ?” ಅಂದಳು ಒಣಮೆಣಸು.

“ಗೊತ್ತು.”

“ಗೊತ್ತಿದ್ದೂ ಇಲ್ಲಿ ಕಾಲುಚೀಲಕ್ಕೆ ಹೊಡೀತಾ ನಿಂತಿದೀರಾ? ಅಲ್ಲಿ ಊರೆಲ್ಲ ನಿಮ್ಮನ್ನ ಮೋಸಗಾರ ಅಂತಿದೆ.”

“ಅನ್ಲಿ.”

“ನಾಚಿಕೆ ಆಗಲ್ವಾ?”

ಆಗ ಅವನು ಸಿಡಿದ. “ಯಾಕ್ರೀ ನಾಚಿಕೆ? ಅಲ್ಲಿ ಓಡಿ ಬರ್ತಿದ್ದವನು ದೇಶಕ್ಕೇ ವೇಗದ ಬೌಲರ್. ಒಳಗೆ ಪ್ಯಾಡ್ ಕಟ್ಕೊಂಡು ಕೂತಿದ್ದೋರು ನಮ್ಮ ಹುಡುಗರು. ಎಲ್ಲರ ತಲೆ ಮೇಲೂ ಇದೇ ಹಾಳು ಚಿಪ್ಪು! ಹನ್ನೊಂದು ರನ್ನಿಗೆ ಒಬ್ಬೊಬ್ಬರನ್ನೇ ಕಳಿಸ್ಲಾ? ನಿಮ್ಮ ಮನೆ ಮಕ್ಕಳಾಗಿದ್ರೆ ಕಳಿಸ್ತಿದ್ರಾ?”

ಮೂರು ವಾರದಲ್ಲಿ ಅವನು ಆಡಿದ ಮೊದಲ ನಿಜ. ಅವಳ ಸಿಟ್ಟು ಒಂದು ಗಳಿಗೆ ಮೆತ್ತಗಾಯಿತು.

“ಹೆಲ್ಮೆಟ್ ಸರಿಯಿಲ್ಲ, ಬೇರೆ ಕೊಡಿ ಅಂತ ಅಂಪೈರ್‌ಗೆ ಹೇಳಬಹುದಿತ್ತಲ್ಲ?”

ಅವನು ತೂಗಾಡುತ್ತಿದ್ದ ಚೆಂಡನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ.

“ಇದನ್ನೇ ನಾಲ್ಕು ಗಂಟೆಗೆ ಸಮಿತಿ ಮುಂದೆ ಹೇಳಿ. ಐದು ಗಂಟೆಗೆ ಮ್ಯಾನೇಜರ್ ಬೀದೀಲಿರ್ತಾನೆ.”

“ಹೇಳಿದ್ರೆ ಅವರು ಕೇಳೋ ಮುಂದಿನ ಪ್ರಶ್ನೆ ಯಾವುದು?”

“ಇದನ್ನ ಹೊಲಿದದ್ದು ಯಾರು ಅಂತ.”

ಕ್ಯಾಪ್ಟನ್ ಬ್ಯಾಟನ್ನು ನೆಲಕ್ಕೆ ಎಸೆದ. ಅದು ಎರಡು ಸಲ ಪುಟಿದು ಅವಳ ಕಾಲ ಹತ್ತಿರ ಬಂದು ಬಿತ್ತು. “ಕೇಸ್ ಮುಗೀತು. ಇಲ್ಲಿಂದ ಹೋಗಿ.”

“ನನ್ನನ್ನ ಕರೆಸಿದ್ದು ನಿಮ್ಮಕ್ಕ. ಹೋಗು ಅನ್ನೋದಾದ್ರೂ ಅವರೇ ಅನ್ನಬೇಕು.”

“ಅಕ್ಕನ ತಂಟೆಗೆ ಹೋಗ್ಬೇಡಿ!” ಅಂತ ಕೂಗಿದ. ಆಮೇಲೆ ದನಿ ಇಳಿಸಿದ. “ಕೈ ಮುಗೀತೀನಿ. ನಾನು ಆಡದೇ ಇದ್ರೆ ಯಾರೂ ಸಾಯಲ್ಲ.”

ಬ್ಯಾಟು ಎತ್ತಿಕೊಳ್ಳಲು ಅವನು ಬಗ್ಗಿದ. ಹಳೆಯ ಬಿಳಿ ಪ್ಯಾಂಟು, ಮಂಡಿಯ ಹತ್ತಿರ ಎಂದೋ ಹರಿದು ರಿಪೇರಿಯಾದದ್ದು. ಉದ್ದಕ್ಕೆ ಎಳೆ, ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ ನೇಯ್ಗೆ. ಗಂಟು ಎಲ್ಲೂ ಇಲ್ಲ.

ಒಣಮೆಣಸು ಹೆಲ್ಮೆಟ್ ಎತ್ತಿಕೊಂಡು ಮೆಟ್ಟಿಲಿಳಿದಳು. ಇಪ್ಪತ್ತಾರು ವರ್ಷದ ಅನುಭವಕ್ಕೆ ಬೆಂಕಿ ಬೀಳಲಿ ಅಂತ ತನ್ನನ್ನೇ ಬೈದುಕೊಂಡಳು. ಕೇಸು ತಂದವರ ಕೈಯನ್ನು ಮೊದಲು ನೋಡಬೇಕು ಅಂತ ಹೊಸ ಪೇದೆಗಳಿಗೆ ಪಾಠ ಹೇಳುತ್ತಿದ್ದವಳು ಅವಳೇ.

*

ಅಕ್ಕನ ಅಂಗಡಿ ಬಸ್ ಡಿಪೋದ ಹಿಂದಿನ ಬೀದಿಯಲ್ಲಿ, ಎರಡನೇ ಮಹಡಿಯಲ್ಲಿ. ಅಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ. ಸುಟ್ಟ ಕೋಟು, ಇಲಿ ಕಡಿದ ಪರದೆ, ಹರಿದ ಡೇರೆ, ಹೀಗೆ ಬೇರೆ ದರ್ಜಿಗಳು ಆಗಲ್ಲ ಅಂದದ್ದನ್ನು ಸರಿಮಾಡುವ ಅಂಗಡಿ. ಉದ್ದನೆಯ ಮೇಜಿನ ಎರಡೂ ಕಡೆ ಆರು ಹೆಂಗಸರು ಬಗ್ಗಿ ಕೂತಿದ್ದರು. ಗಂಟೆ ಎರಡೂವರೆ.

ಅಕ್ಕ ಕಿಟಕಿಯ ಹತ್ತಿರ ನಿಂತು ಒಂದು ಕೋಟಿನ ತೋಳನ್ನು ಬೆಳಕಿಗೆ ಹಿಡಿದಿದ್ದಳು. ಹೆಲ್ಮೆಟ್ ಕಂಡದ್ದೇ ಮುಖ ಅರಳಿತು.

“ಅಯ್ಯೋ, ಇದು ನಮ್ಮ ಕೆಲಸ! ನಿಮಗೆಲ್ಲಿ ಸಿಕ್ತು? ಎಲ್ಲಿ ಹೊಲಿದಿದೀನಿ ಅಂತ ತೋರಿಸಿ ನೋಡೋಣ. ತೋರಿಸೋಕಾಗಲ್ಲ ನಿಮಗೆ. ನನಗೇ ಹುಡುಕ್ಬೇಕು.”

ಮೆಟ್ಟಿಲು ಹತ್ತುವಾಗ ಒಣಮೆಣಸು ಹತ್ತು ಬೈಗುಳ ಜೋಡಿಸಿಕೊಂಡು ಬಂದಿದ್ದಳು. ಒಂದೂ ಬಾಯಿಗೆ ಬರಲಿಲ್ಲ.

“ನಿಮಗೆ ಇದನ್ನ ಯಾರು ಕೊಟ್ರು?”

“ಮ್ಯಾನೇಜರ್ ತಾವೇ ಬಂದಿದ್ರು. ನೆಟ್ ಅಭ್ಯಾಸದ ಹಳೇ ಹೆಲ್ಮೆಟ್ಟು, ಹಿಂದೆ ಹರಿದಿದೆ, ನಿಮ್ಮಂಥ ಕೈ ಬೇರೆ ಇಲ್ಲ ಅಂದ್ರು. ತಮ್ಮನಿಗೆ ಹೇಳ್ಬೇಡಿ, ಅಕ್ಕ ಮಂಡಳಿ ಕೆಲಸ ಮಾಡ್ತಾಳೆ ಅಂತ ಜನ ಆಡ್ಕೋತಾರೆ ಅಂದ್ರು. ನಾನೂ ಹೇಳಲಿಲ್ಲ. ಆದ್ರೆ ಒಳಗೊಳಗೇ ಖುಷಿ ಇತ್ತು ನೋಡಿ. ಅವನಾಡೋ ಆಟದಲ್ಲಿ ನನ್ನದೂ ಒಂದು ಹೊಲಿಗೆ ಅಂತ.”

“ಅದು ಹರಿದದ್ದಲ್ಲ.”

“ಅಂದ್ರೆ?”

“ಕತ್ತರಿಸಿದ್ದು. ಬೇಕಂತ. ಇದನ್ನ ತಲೆಗೆ ಹಾಕ್ಬೇಡಿ ಅನ್ನೋ ಗುರುತು ಅದು. ಏಟು ತಿಂದು ಸತ್ತ ಹೆಲ್ಮೆಟ್ಟಿಗೆ ಹಾಕ್ತಾರೆ. ನೀವು ಆ ಗುರುತನ್ನ ಅಳಿಸಿಬಿಟ್ರಿ. ಇವನ್ನೇ ಹಾಕ್ಕೊಂಡು ನಿಮ್ಮ ತಮ್ಮನ ಹುಡುಗರು ಫೈನಲ್ ಆಡಿದ್ರು.”

ಮೇಜಿನ ಸುತ್ತ ಸೂಜಿಗಳು ನಿಂತವು. ಅಕ್ಕ ಹೆಲ್ಮೆಟ್ಟನ್ನು ತಿರುಗಿಸಿ ಸೀಳಿದ ಚಿಪ್ಪನ್ನು ನೋಡಿದಳು. ಆಮೇಲೆ ಬಿಚ್ಚಿದ ಕಚ್ಚನ್ನು ನೋಡಿದಳು. ಅದರ ಅಂಚಿನ ಮೇಲೆ ಬೆರಳಾಡಿಸಿದಳು. ಮೂವತ್ತು ವರ್ಷದಿಂದ ಹರಿದದ್ದನ್ನು ಮುಟ್ಟಿದ ಬೆರಳು. ಚಾಕುವಿನ ಅಂಚಿಗೂ ಸವೆದು ಹರಿದ ಅಂಚಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದೇ?

“ನೇರ ಇತ್ತು,” ಅಂದಳು ಮೆಲ್ಲಗೆ. “ಎಲ್ಲದರಲ್ಲೂ ಒಂದೇ ಕಡೆ, ಒಂದೇ ಅಳತೆ. ಹರಿದದ್ದು ಹಾಗಿರಲ್ಲ. ಅವತ್ತೇ ಕಂಡಿತ್ತು ನನಗೆ. ಆದ್ರೆ ತೂತು ಕಂಡ್ರೆ ಮುಚ್ಚೋದೊಂದೇ ಗೊತ್ತು ಈ ಕೈಗೆ. ಯಾಕೆ ಅಂತ ಕೇಳಲೇ ಇಲ್ಲ.”

“ನಿಮ್ಮ ತಮ್ಮ ನೋಡಿದ ತಕ್ಷಣ ಗುರುತು ಹಿಡಿದ. ಅದಕ್ಕೇ ಪಂದ್ಯ ಬಿಟ್ಟ. ಅದಕ್ಕೇ ಬಾಯಿ ಮುಚ್ಕೊಂಡಿದಾನೆ. ಮ್ಯಾನೇಜರ್ ನಿಮ್ಮನ್ನೇ ಹುಡುಕ್ಕೊಂಡು ಬಂದದ್ದು ಸುಮ್ಮನೆ ಅಲ್ಲ. ನಾಳೆ ಸಿಕ್ಕಿಬಿದ್ರೂ ಕ್ಯಾಪ್ಟನ್ ಉಸಿರೆತ್ತಬಾರದು, ಅಷ್ಟೇ ಅವನ ಲೆಕ್ಕ.”

ಅಕ್ಕ ಅಳುತ್ತಾಳೆ ಅಂತ ಒಣಮೆಣಸು ಅಂದುಕೊಂಡಿದ್ದಳು. ಅಕ್ಕ ಅಳಲಿಲ್ಲ. ಕಿವಿಯ ತುದಿಯವರೆಗೂ ಕೆಂಪಾದಳು.

“ಮೂರು ವಾರ ನನ್ನೆದುರಿಗೇ ಕೂತು ಉಂಡ. ಇನ್ನೊಂದು ತುತ್ತು ಹಾಕಕ್ಕ ಅಂದ. ಅವನ ಮುಖಕ್ಕೆ ಊರು ಮಸಿ ಬಳೀತಿತ್ತು, ನಾನು ನಿಮ್ಮನ್ನೇ ದೇವರು ಅಂದ್ಕೊಂಡು ಹಿಂದೆ ಬಿದ್ದಿದ್ದೆ, ಸತ್ಯ ಹುಡುಕಿ ಕೊಡಿ ಅಂತ! ನನ್ನ ಕಾಪಾಡೋಕೆ ಇವನ್ಯಾರು? ಚಡ್ಡಿ ಗುಂಡಿ ಹಾಕ್ಕೊಳ್ಳೋದು ಕಲಿಸಿದ್ದು ನಾನು!”

ಕೋಟನ್ನು ಮೇಜಿನ ಮೇಲೆ ಎಸೆದಳು. ಚಪ್ಪಲಿ ಮೆಟ್ಟಿದಳು. “ನಾಲ್ಕಕ್ಕೆ ತಾನೇ ಸಮಿತಿ? ನಡೀರಿ. ಹೊಲಿದದ್ದು ನಾನು, ಹೊಲಿಸಿದ್ದು ಅವನು ಅಂತ ಮುಖದ ಮೇಲೆ ಹೇಳ್ತೀನಿ.”

“ಮೊದಲು ನಿಮ್ಮನ್ನೇ ಹಿಡೀತಾರೆ. ಮ್ಯಾನೇಜರ್ ನಿಮ್ಮನ್ನ ನೋಡೇ ಇಲ್ಲ ಅಂತಾನೆ.”

“ಹಿಡೀಲಿ. ಆ ಉದ್ದನೆಯ ಹುಡುಗನ ಕಿವಿಗೆ ಯಾರಾದ್ರೂ ಜವಾಬು ಹೇಳ್ಬೇಕಲ್ಲ. ನನ್ನ ಪಾಲಿನದನ್ನ ನಾನು ಹೇಳ್ತೀನಿ.”

ಒಣಮೆಣಸಿಗೆ ಈ ಹೆಂಗಸಿನ ಮೇಲೆ ಮೊದಲ ಸಲ ಪ್ರೀತಿ ಉಕ್ಕಿತು. ಬಾಗಿಲ ಹತ್ತಿರ ಬರುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಕಿಟ್ ಮನೆಯ ಮುದುಕ. ಅವನು ಕೂಗುತ್ತಿದ್ದದ್ದು ಇಡೀ ಅಂಗಡಿಗೆ ಕೇಳಿಸಿತು.

“ಮೇಡಂ, ಸಮಿತಿ ಕೂರಲ್ಲವಂತೆ! ಕ್ಯಾಪ್ಟನ್ ಬಂದು ಬರೆದುಕೊಟ್ಬಿಟ್ಟಿದಾರೆ, ಬೇಕಂತಲೇ ಸೋತೆ ಅಂತ. ಸಹಿ ಆಗಿದೆ. ಆಜೀವ ನಿಷೇಧ ಅಂತ ಬೋರ್ಡಿಗೆ ಅಂಟಿಸಿಯೂ ಆಯ್ತು.”

“ಎಷ್ಟೊತ್ತಾಯ್ತು?”

“ಒಂದು ಗಂಟೆ. ನೀವು ಅವರ ಮನೆಯಿಂದ ಹೊರಟ ತಕ್ಷಣ ಬಂದಿರ್ಬೇಕು. ಇನ್ನೊಂದು ಕೇಳಿ. ಮ್ಯಾನೇಜರ್ ಆಳುಗಳನ್ನ ಕರ್ಕೊಂಡು ಬಂದು ನನ್ನ ಕೋಣೆಯಿಂದ ಹೆಲ್ಮೆಟ್ ಎಲ್ಲ ಎತ್ತಿಸಿಬಿಟ್ರು. ಗೋದಾಮಿನಲ್ಲಿ ಇಂಥವೇ ಇನ್ನೂ ನಲವತ್ತಿದ್ವು, ಅವೂ ಸೇರಿ. ಅಡ್ಡ ನಿಂತೆ, ತಳ್ಳಿ ಬೀಳಿಸಿದ್ರು. ಹದಿನಾಲ್ಕರ ಒಳಗಿನವರ ಪಂದ್ಯಾವಳಿ ಇದೆಯಲ್ಲ, ಆ ಶಾಲೆಗಳಿಗೆ ದಾನವಂತೆ. ಪೆಟ್ಟಿಗೆ ಮೇಲೆ ಕ್ಯಾಪ್ಟನ್ ಹೆಸರು ಬರೆಸಿದಾರೆ. ಲಾರಿ ಗೇಟು ದಾಟಿತು ಮೇಡಂ!”

ಒಣಮೆಣಸು ಫೋನು ಇಳಿಸಿದಳು. ಮಕ್ಕಳಿಗೆ! ಅವಳ ಬಾಯಿಂದ ಹೊರಟ ಬೈಗುಳಕ್ಕೆ ಆರೂ ಹೆಂಗಸರು ತಲೆಯೆತ್ತಿದರು.

ಅಷ್ಟರಲ್ಲಿ ಅಕ್ಕ ತನ್ನ ಫೋನಿನಲ್ಲಿ ತಮ್ಮನ ನಂಬರು ಒತ್ತಿದ್ದಳು. ಅವನು ಮೊದಲ ರಿಂಗಿಗೇ ಎತ್ತಿದ. ಕಾದುಕೊಂಡು ಕೂತಿದ್ದವನ ಹಾಗೆ, ಹಗುರವಾದ ದನಿಯಲ್ಲಿ ಮಾತಾಡಿದ.

“ಅಕ್ಕ, ಬೈಬೇಡ. ಮುಗಿಸಿಬಿಟ್ಟೆ. ಸಹಿ ಹಾಕಿದ್ರೆ ಆ ಹೆಲ್ಮೆಟ್ ಒಂದೂ ಬಿಡದ ಹಾಗೆ ಇವತ್ತೇ ಒಡೆಸ್ತೀನಿ ಅಂತ ಮ್ಯಾನೇಜರ್ ಮಾತು ಕೊಟ್ಟಿದಾನೆ. ನನ್ನ ಕಣ್ಣೆದುರೇ ಕೆಲಸಕ್ಕೆ ಜನ ಕಳಿಸ್ದ. ಇನ್ನು ಯಾರ ತಲೆಗೂ ಏನೂ ಆಗಲ್ಲ.”

ಅಕ್ಕ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

“ಒಡೆಸ್ತಿಲ್ಲ ಕಣೋ,” ಅಂದಳು. “ನಿನ್ನ ಹೆಸರು ಬರೆದು ಮಕ್ಕಳ ತಲೆಗೆ ಕಳಿಸಿದಾನೆ. ಲಾರಿ ಹೊರಟಾಯ್ತು.”